ರಕ್ತನಿಧಿಯಲ್ಲಿ ಫೋನು ಎತ್ತುವವರು

‘ಬ್ಲಡ್ ಬ್ಯಾಂಕ್’ ಅನ್ನೋ ಹೆಸರು ನಮ್ಮ ದೇಶದ ಕಾನೂನಿನಿಂದ 2020ರಲ್ಲೇ ಹೊರಟುಹೋಗಿದೆ, ಗೊತ್ತಾ? ಆ ವರ್ಷ ಔಷಧ ನಿಯಮಗಳಿಗೆ ತಿದ್ದುಪಡಿ ತಂದಾಗ ‘ಬ್ಲಡ್ ಬ್ಯಾಂಕ್’ ಅಂತ ಇದ್ದ ಕಡೆಯೆಲ್ಲ ‘ಬ್ಲಡ್ ಸೆಂಟರ್’ ಅಂತ ಮಾಡಿದರು. ನಾವು ಸಾಫ್ಟ್‌ವೇರಿನವರು ಫೈಂಡ್ ಅಂಡ್ ರಿಪ್ಲೇಸ್ ಮಾಡ್ತೀವಲ್ಲ, ಹಾಗೆ :) ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಕನ್ನಡದಲ್ಲಿ ರಕ್ತನಿಧಿ ಅನ್ನುತ್ತೇವೆ. ನಿಧಿ ಅಂದರೂ ಕೂಡಿಟ್ಟ ಗಂಟೇ ತಾನೆ?

ಹೆಸರು ಯಾವುದಾದರೇನು ಅಂತ ಸುಮ್ಮನಿರಬಹುದಿತ್ತು. ಆದರೆ ಕಳೆದ ಕೆಲವು ತಿಂಗಳಿಂದ ಈ ವಿಷಯ ಓದುತ್ತಾ ಹೋದ ಹಾಗೆ ನನಗೆ ಒಂದು ಅನುಮಾನ ಶುರುವಾಯಿತು. ‘ಬ್ಯಾಂಕ್’ ಅನ್ನೋ ಪದ ಬರುವಾಗ ಒಂಟಿಯಾಗಿ ಬರಲಿಲ್ಲ, ಒಂದು ಪದ್ಧತಿಯನ್ನೂ ಜೊತೆಗೆ ಕರಕೊಂಡು ಬಂತು. ಆ ಪದ್ಧತಿಯ ಭಾರವನ್ನು ಇವತ್ತಿಗೂ ಕೌಂಟರಿನ ಆಚೆ ಕೂತವರು ಹೊರುತ್ತಿದ್ದಾರೆ. ಅವರ ಬಗ್ಗೆ ಬರೆದದ್ದು ಕಡಿಮೆ. ರಕ್ತದಾನ ಅಂದ ಕೂಡಲೇ ನಮಗೆ ದಾನಿ ಕಾಣುತ್ತಾನೆ, ಡಾಕ್ಟರು ಕಾಣುತ್ತಾರೆ, ಮಿನಿಸ್ಟರು ಬಂದು ಟೇಪು ಕತ್ತರಿಸಿದ್ದು ಪೇಪರಿನಲ್ಲಿ ಕಾಣುತ್ತದೆ. ಪಟ್ಟಿ ಇಟ್ಟುಕೊಂಡು ಕೂತವರು ಕಾಣುವುದಿಲ್ಲ.

ಪದ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ, 1937ರಲ್ಲಿ. ಅಲ್ಲಿನ ಕುಕ್ ಕೌಂಟಿ ಆಸ್ಪತ್ರೆಯ ಡಾ. ಬರ್ನಾರ್ಡ್ ಫ್ಯಾಂಟಸ್ ರಕ್ತವನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ಕೊಡುವ ಏರ್ಪಾಡು ಮಾಡಿದರು. ಮೊದಲು ‘ರಕ್ತ ಸಂರಕ್ಷಣಾ ಪ್ರಯೋಗಾಲಯ’ ಅನ್ನುವ ಅರ್ಥದ ಉದ್ದನೆಯ ಹೆಸರು ಯೋಚಿಸಿದ್ದರಂತೆ. ಆಮೇಲೆ ‘ಬ್ಯಾಂಕ್’ ಹೊಳೆಯಿತು. ಎಲ್ಲರಿಗೂ ತಕ್ಷಣ ಅರ್ಥವಾಗುವ ಪದ. ಲೆಕ್ಕವೂ ಬ್ಯಾಂಕಿನದೇ. ಹಾಕಿದಷ್ಟು ತೆಗೆಯಬಹುದು, ತೆಗೆದಷ್ಟು ತುಂಬಬೇಕು. ನಿಮ್ಮ ರೋಗಿಗೆ ಎರಡು ಬಾಟಲಿ ಹೋಯಿತೇ? ನಿಮ್ಮ ಕಡೆಯವರು ಬಂದು ಎರಡು ಬಾಟಲಿ ಕಟ್ಟಿ ಹೋಗಿ.

ಇದಕ್ಕಿಂತ 16 ವರ್ಷ ಮೊದಲೇ, ಅಟ್ಲಾಂಟಿಕ್ಕಿನ ಈಚೆ ದಡದಲ್ಲಿ, ಬೇರೆಯದೇ ಒಂದು ಲೆಕ್ಕ ಶುರುವಾಗಿತ್ತು. ನನಗೆ ಬಹಳ ಹಿಡಿಸಿದ ಕಥೆ ಇದು.

ಲಂಡನ್ನಿನ ದಕ್ಷಿಣ ಭಾಗದ ಕ್ಯಾಂಬರ್‌ವೆಲ್‌ನಲ್ಲಿ ಪರ್ಸಿ ಲೇನ್ ಆಲಿವರ್ ಅಂತ ಒಬ್ಬರಿದ್ದರು. ಡಾಕ್ಟರಲ್ಲ, ವಿಜ್ಞಾನಿಯಲ್ಲ. ಅಲ್ಲಿನ ಪುರಸಭೆಯಲ್ಲಿ ಕೆಲಸ. ಬಿಡುವಿನಲ್ಲಿ ರೆಡ್ ಕ್ರಾಸ್‌ನ ಸ್ಥಳೀಯ ಶಾಖೆಯ ಗೌರವ ಕಾರ್ಯದರ್ಶಿ. ಅಕ್ಟೋಬರ್ 1921ರಲ್ಲಿ ಹತ್ತಿರದ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ಅವರಿಗೆ ಫೋನು ಬಂತು, ಒಬ್ಬ ರೋಗಿಗೆ ತುರ್ತಾಗಿ ರಕ್ತ ಬೇಕು, ಯಾರಾದರೂ ಸಿಗುತ್ತಾರಾ ಅಂತ. ಆಲಿವರ್ ಮತ್ತು ಅವರ ಜೊತೆಯ ಮೂವರು ಹೋದರು. ಅವರಲ್ಲಿ ಲಿನ್‌ಸ್ಟೆಡ್ ಎಂಬ ನರ್ಸ್‌ನ ರಕ್ತ ಹೊಂದಿಕೆಯಾಯಿತು.

ಅಷ್ಟಕ್ಕೇ ಮನೆಗೆ ಬಂದು ಊಟ ಮಾಡಿ ಮಲಗಿದ್ದರೆ ಚರಿತ್ರೆಯಲ್ಲಿ ಈ ಹೆಸರು ಇರುತ್ತಿರಲಿಲ್ಲ. ಆಲಿವರ್‌ಗೆ ಕಂಡಿದ್ದು ಒಂದು ಗುಮಾಸ್ತಿಕೆಯ ಸಮಸ್ಯೆ. ಇವತ್ತು ನಾಲ್ಕು ಜನ ಓಡಿಹೋಗಿ, ಪರೀಕ್ಷೆ ಮಾಡಿಸಿ, ಒಬ್ಬರದು ಹೊಂದಿತು. ಇದನ್ನೇ ಮೊದಲೇ ಮಾಡಿಟ್ಟಿದ್ದರೆ? ಜನರ ಗುಂಪು ಪರೀಕ್ಷಿಸಿ, ಹೆಸರು, ವಿಳಾಸ, ಆರೋಗ್ಯದ ವಿವರ ಎಲ್ಲ ಒಂದು ಕಾರ್ಡಿನ ಮೇಲೆ ಬರೆದಿಟ್ಟರೆ, ಆಸ್ಪತ್ರೆಯ ಫೋನು ಬಂದ ಕೂಡಲೇ ಸರಿಯಾದ ಒಬ್ಬರನ್ನು ಕಳಿಸಬಹುದಲ್ಲ? ಆಗ ಎ, ಬಿ, ಓ ಅಂತ ಹೇಳುವುದು ಇನ್ನೂ ಎಲ್ಲ ಕಡೆ ರೂಢಿಯಾಗಿರಲಿಲ್ಲ, ಗುಂಪುಗಳಿಗೆ ಒಂದರಿಂದ ನಾಲ್ಕರವರೆಗೆ ರೋಮನ್ ಅಂಕಿ ಹಾಕುತ್ತಿದ್ದರು. ಹಾಗೆ ಕಾರ್ಡುಗಳು ಶುರುವಾದವು, ಆಲಿವರ್ ದಂಪತಿಗಳ ಮನೆಯಲ್ಲೇ. ಹೆಂಡತಿ ಎಥೆಲ್‌ದೂ ಇದರಲ್ಲಿ ಸಮಪಾಲು. ಇಪ್ಪತ್ತನಾಲ್ಕು ಗಂಟೆಯೂ ಫೋನು ಎತ್ತಬೇಕು. ದಾನಿಯ ಮನೆಯಲ್ಲಿ ಫೋನು ಇಲ್ಲದಿದ್ದರೆ ಪೊಲೀಸರ ಮೂಲಕ ಹೇಳಿಕಳಿಸುತ್ತಿದ್ದರು. ರಾತ್ರಿ ಎರಡು ಗಂಟೆಗೆ ಪೊಲೀಸರು ಬಂದು ಬಾಗಿಲು ಬಡಿದು “ನಿಮ್ಮ ರಕ್ತ ಬೇಕಂತೆ” ಅಂದರೆ ಹೇಗಿರಬೇಕು, ಯೋಚಿಸಿ!

ಕೆಲಸ ಬೆಳೆಯುತ್ತಾ ಹೋಯಿತು. 1926ರಲ್ಲಿ ರೆಡ್ ಕ್ರಾಸ್ ಅಧಿಕೃತವಾಗಿ ತನ್ನದೆಂದು ಒಪ್ಪಿಕೊಂಡಿತು. 1928ರಲ್ಲಿ ಆಲಿವರ್ ಕುಟುಂಬ ಪೆಕ್ಕಮ್‌ನ ಕಾಲಿಟನ್ ರಸ್ತೆಯ ದೊಡ್ಡ ಮನೆಗೆ ಹೋಯಿತು. ಆ ಮನೆಯ ಗೋಡೆಗೆ ಈಗ ನೀಲಿ ಫಲಕ ಇದೆ. 1930ರ ದಶಕ ಮುಗಿಯುವ ಹೊತ್ತಿಗೆ ದಾನಿಗಳ ಸಂಖ್ಯೆ ಎರಡು ಸಾವಿರ ದಾಟಿತ್ತು.

ದುಡ್ಡು ಇಲ್ಲ. ಇದು ಮುಖ್ಯ. ದಾನಿಗೆ ದುಡ್ಡು ಕೊಡುವಂತಿಲ್ಲ, ರೋಗಿಯ ಮನೆಯವರು ತಿರುಗಿ ತುಂಬಿಕೊಡಬೇಕೆಂಬ ಷರತ್ತೂ ಇಲ್ಲ. ಯಾರಿಗೆ ಕೊಟ್ಟೆ ಅಂತ ದಾನಿಗೆ ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ದಾನಿಯ ಪರವಾಗಿ ಆಲಿವರ್ ಆಸ್ಪತ್ರೆಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಆ ಕಾಲದಲ್ಲಿ ಕೆಲವು ಸರ್ಜನ್‌ಗಳು ದಾನಿಯ ತೋಳಿನ ಚರ್ಮ ಕೊಯ್ದು ನರ ಹುಡುಕುತ್ತಿದ್ದರು. ಹಾಗೆ ಮಾಡಿದರೆ ಆ ಮನುಷ್ಯ ಇನ್ನೊಮ್ಮೆ ಬರುತ್ತಾನೆಯೇ? ಕೊಯ್ಯಬೇಡಿ, ಸೂಜಿಯಲ್ಲೇ ತೆಗೆಯಿರಿ ಅಂತ ಆಲಿವರ್ ಹಟ ಹಿಡಿದರು. ಜಾನ್ ಮೇನಾರ್ಡ್ ಕೇನ್ಸ್ ಗೊತ್ತಲ್ಲ, ಅರ್ಥಶಾಸ್ತ್ರಜ್ಞ? ಅವರ ತಮ್ಮ ಜೆಫ್ರಿ ಕೇನ್ಸ್ ಸರ್ಜನ್. ರಕ್ತ ಕೊಡುವುದರ ಬಗ್ಗೆ 1922ರಲ್ಲಿ ಪುಸ್ತಕ ಬರೆದವರು. ಅವರು ಆಲಿವರ್‌ಗೆ ವೈದ್ಯಕೀಯ ಸಲಹೆ ಕೊಡುತ್ತಿದ್ದರು. ಆದರೆ ದಿನದಿನದ ಕೆಲಸ ಪುರಸಭೆಯ ಆ ನೌಕರನದ್ದು. ಕಾರ್ಡು ತೆಗೆ, ಕೊನೆಯ ಬಾರಿ ಯಾವಾಗ ಕೊಟ್ಟ ನೋಡು, ಊರಲ್ಲಿದ್ದಾನಾ ನೋಡು, ಫೋನು ಮಾಡು, ಕಾರ್ಡು ವಾಪಸ್ ಇಡು.

ಆಲಿವರ್ ಕಾಲದಲ್ಲಿ ರಕ್ತ ಪ್ರಯಾಣ ಮಾಡುತ್ತಿದ್ದದ್ದು ದಾನಿಯ ಮೈಯೊಳಗೇ. ಬಸ್ಸು ಹತ್ತಿ ಬರುತ್ತಿತ್ತು :) ರಕ್ತ ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟ್ ಬೆರೆಸಬಹುದು ಅಂತ 1914ರಲ್ಲೇ ಗೊತ್ತಾಗಿತ್ತು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ಸೇನಾ ವೈದ್ಯ ಬಾಟಲಿಗಳಲ್ಲಿ ರಕ್ತವನ್ನು ಐಸಿನಲ್ಲಿಟ್ಟು ಬಳಸಿದ್ದೂ ಆಗಿತ್ತು. ಯುದ್ಧ ಮುಗಿದ ಮೇಲೆ ಅದನ್ನು ಬಹುಮಟ್ಟಿಗೆ ಮರೆತರು. ಮತ್ತೆ ಬಾಟಲಿ ಬೇಕಾಗಿದ್ದು ಮತ್ತೊಂದು ಯುದ್ಧಕ್ಕೇ. ಸ್ಪೇನಿನ ಅಂತರ್ಯುದ್ಧ ಶುರುವಾದ 1936ರಲ್ಲಿ ಬಾರ್ಸಿಲೋನಾದ ಡಾ. ಫ್ರೆಡರಿಕ್ ದುರಾನ್ ಜೋರ್ದಾ ಊರಿನ ಜನರಿಂದ ರಕ್ತ ತೆಗೆದು ರಣರಂಗಕ್ಕೆ ಕಳಿಸುವ ವ್ಯವಸ್ಥೆ ಕಟ್ಟಿದರು. ಸುಮಾರು 9,000 ಲೀಟರ್ ರಕ್ತ! 1939ರಲ್ಲಿ ಫ್ರಾಂಕೋ ಪಡೆ ಬಾರ್ಸಿಲೋನಾ ಹಿಡಿದಾಗ ಅವರು ಲಂಡನ್ನಿಗೆ ಓಡಿಬಂದರು. ಅಲ್ಲಿ ಅವರಿಗೆ ಮನೆಯಲ್ಲಿ ಜಾಗ ಕೊಟ್ಟವರು ಡಾ. ಜಾನೆಟ್ ವಾನ್.

ಈ ಜಾನೆಟ್ ವಾನ್ ಬಗ್ಗೆ ಒಂದು ಪೂರ್ತಿ ಪುಸ್ತಕವೇ ಬರೆಯಬಹುದು. ರಕ್ತಹೀನತೆಗೆ ಹಸಿ ಪಿತ್ತಜನಕಾಂಗದ ಸಾರ ಒಳ್ಳೆಯದು ಅಂತ ಗೊತ್ತಾದಾಗ, ಅದನ್ನು ಅರೆಯಲು ಸ್ನೇಹಿತರ ಮನೆಗಳಿಂದ ಅಡಿಗೆಮನೆಯ ಮಿನ್ಸರುಗಳನ್ನು ಕೇಳಿ ತಂದವರು. ಅದರಲ್ಲಿ ಒಂದು ವರ್ಜೀನಿಯಾ ವುಲ್ಫ್‌ರದ್ದು. 1938ರಲ್ಲಿ ಯುದ್ಧ ಇಂದೋ ನಾಳೆಯೋ ಅನ್ನುವಂತಾದಾಗ ನೂರು ಪೌಂಡು ಇಸಕೊಂಡು, ಟ್ಯಾಕ್ಸಿಗಳಲ್ಲಿ ಜನ ಕಳಿಸಿ ಅಂಗಡಿ ಅಂಗಡಿಯಿಂದ ರಬ್ಬರ್ ಕೊಳವೆ ತರಿಸಿ ಇಟ್ಟುಕೊಂಡರು. ಮರುವರ್ಷ ಲಂಡನ್ ಸುತ್ತ ನಾಲ್ಕು ಕಡೆ ರಕ್ತದ ಡಿಪೋ ಮಾಡುವುದು ಅಂತ ತೀರ್ಮಾನವಾಯಿತು. ಲೂಟನ್, ಸಟನ್, ಮೇಡ್‌ಸ್ಟೋನ್ ಮತ್ತು ಸ್ಲೌ. ಸ್ಲೌ ಡಿಪೋ ಜಾನೆಟ್‌ರ ಕೈಗೆ ಬಂತು.

ಸ್ಲೌ ಅಂದರೆ ಆಗ ನಮ್ಮ ಪೀಣ್ಯ ಇದ್ದ ಹಾಗೆ. ಕಾರ್ಖಾನೆಗಳ ಊರು. ಜಾನೆಟ್ ಹೋಗಿ ಅಲ್ಲಿನ ಟ್ರೇಡಿಂಗ್ ಎಸ್ಟೇಟಿನ ಮುಖ್ಯಸ್ಥ ನೋಯಲ್ ಮಾಬ್ಸ್‌ರನ್ನು ಕೇಳಿದ್ದು, ಕಾರ್ಮಿಕರ ಮನರಂಜನೆಗೆ ಕಟ್ಟಿದ್ದ ಸಭಾಭವನ ಬೇಕು ಅಂತ. ಅದರಲ್ಲಿ ಬಾರ್ ಕೂಡ ಇತ್ತು. ಸಿಕ್ಕಿತು. ಸೆಪ್ಟೆಂಬರ್ 1939ರ ಆರಂಭದಲ್ಲಿ ಡಿಪೋಗಳಿಗೆ ಒಂದು ತಂತಿ ಬಂತು. ಅದರಲ್ಲಿ ಇದ್ದದ್ದು ಎರಡೇ ಪದ, ರಕ್ತ ತೆಗೆಯಲು ಶುರುಮಾಡಿ ಅನ್ನುವ ಅರ್ಥದ್ದು.

ಆ ಡಿಪೋ ನಡೆಯಲು ಎಷ್ಟು ತರದ ಜನ ಬೇಕಾಗಿತ್ತು ನೋಡಿ. ಒಬ್ಬ ಡಾಕ್ಟರು ಸೂಜಿ ಚುಚ್ಚುವುದು ಐದು ನಿಮಿಷದ ಕೆಲಸ. ಅದಕ್ಕೆ ಮೊದಲು ಊರಿನವರ ಹೆಸರು ಬರೆದು, ಗುಂಪು ಪರೀಕ್ಷಿಸಿ, ಕಾರ್ಡು ಮಾಡಿ, ದಿನ ಹೇಳಿ ಕರೆಸಬೇಕು. ಆಮೇಲೆ ಕೊಟ್ಟವರನ್ನು ಮಲಗಿಸಿ ಟೀ ಕೊಡಬೇಕು. ಈಗಿನ ಹಾಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲ ಆಗ ಇರಲಿಲ್ಲ, ಅದು ಬಂದದ್ದು 1950ರ ದಶಕದ ಆರಂಭದಲ್ಲಿ. ಆಗಿದ್ದದ್ದು ಗಾಜಿನ ಬಾಟಲಿ. ಹಾಲಿನ ಬಾಟಲಿಯ ಆಕಾರವನ್ನೇ ಸ್ವಲ್ಪ ತಿದ್ದಿ, ಹಿಡಿಯಲು ತೂಗುಹಾಕಲು ಅನುಕೂಲವಾಗಲಿ ಅಂತ ನಡುವಿಗೆ ಸೊಂಟ ಮಾಡಿದ್ದರು. ಪ್ರತಿ ಬಾಟಲಿ, ಪ್ರತಿ ರಬ್ಬರ್ ಕೊಳವೆ ತೊಳೆದು, ಕುದಿಸಿ, ಮತ್ತೆ ಜೋಡಿಸಬೇಕು. ಸೂಜಿಗಳನ್ನು ಕೈಯಲ್ಲೇ ಮಸೆಯಬೇಕು. ತೊಳೆದದ್ದು ಸರಿಯಾಗದಿದ್ದರೆ ರೋಗಿಗೆ ಚಳಿಜ್ವರ. ಬಾಟಲಿ ತೊಳೆಯುವವರ ಕೈಯಲ್ಲಿ ಪ್ರಾಣ ಇತ್ತು ಅಂದರೆ ಉತ್ಪ್ರೇಕ್ಷೆಯಲ್ಲ. ಇನ್ನು ಸಾಗಣೆಗೆ ಐಸ್‌ಕ್ರೀಮ್ ಮಾರುವ ವ್ಯಾನುಗಳು! ತಣ್ಣಗಿರುತ್ತವಲ್ಲ. ಅವನ್ನು ಓಡಿಸಿದವರಲ್ಲಿ ಬಹಳಷ್ಟು ಮಂದಿ ಸುತ್ತಮುತ್ತಲಿನ ಹೆಂಗಸರು. ಬಾಂಬು ಬೀಳುವ ರಾತ್ರಿಗಳಲ್ಲಿ, ದೀಪ ಹಾಕುವಂತಿಲ್ಲದ ರಸ್ತೆಗಳಲ್ಲಿ. ಇವರಲ್ಲಿ ಒಬ್ಬರ ಹೆಸರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಯುದ್ಧದ ನಂತರ ಅಲ್ಲಿ ಇದು ರಾಷ್ಟ್ರೀಯ ಸೇವೆಯಾಯಿತು. ಆಲಿವರ್ 1944ರಲ್ಲೇ ತೀರಿಕೊಂಡಿದ್ದರು.

ಈಗ ನಮ್ಮ ಕಡೆ ಬರೋಣ. ಭಾರತದಲ್ಲೂ ರಕ್ತನಿಧಿ ಬಂದದ್ದು ಅದೇ ಯುದ್ಧದ ವರ್ಷಗಳಲ್ಲಿ, ಕಲ್ಕತ್ತಾದಲ್ಲಿ, ರೆಡ್ ಕ್ರಾಸ್ ಜೊತೆಗೂಡಿ. ಯುದ್ಧ ಮುಗಿಯಿತು, ಉತ್ಸಾಹ ಇಳಿಯಿತು, ಆಸ್ಪತ್ರೆಗಳು ಮಾತ್ರ ಹೆಚ್ಚುತ್ತಾ ಹೋದವು. ರಕ್ತ ಎಲ್ಲಿಂದ? ದುಡ್ಡು ಕೊಟ್ಟರೆ ಕೊಡುವವರಿಂದ. ಆಸ್ಪತ್ರೆಯ ಗೇಟಿನ ಹತ್ತಿರ ಬೀಡಿ ಸೇದುತ್ತಾ ಕೂತಿರುತ್ತಿದ್ದ ಜನ, ಅವರನ್ನು ಕರೆತರುವ ದಲ್ಲಾಳಿ. ಹೊಟ್ಟೆಪಾಡಿಗೆ ಮತ್ತೆ ಮತ್ತೆ ರಕ್ತ ಮಾರಿ ಅವರ ಮೈಯಲ್ಲೇ ರಕ್ತ ಇರುತ್ತಿರಲಿಲ್ಲ. ಕಾಯಿಲೆ ಕೇಳಿದರೆ ಇಲ್ಲ ಅಂತಲೇ ಹೇಳಬೇಕು, ಇಲ್ಲದಿದ್ದರೆ ಅವತ್ತಿನ ಊಟ ಇಲ್ಲ. ಇಲ್ಲೂ ಕೌಂಟರಿನಲ್ಲಿ ಒಂದು ಪಟ್ಟಿ ಇತ್ತು, ಆದರೆ ಅದು ದಲ್ಲಾಳಿಯ ಪಟ್ಟಿ.

ಇದರ ವಿರುದ್ಧ ಈಜಿದವರೂ ಇದ್ದರು. ಮುಂಬೈಯಲ್ಲಿ ಲೀಲಾ ಮೂಳಗಾಂವಕರ್ 1954ರಿಂದಲೇ ಸ್ವಯಂಪ್ರೇರಿತ ದಾನಿಗಳ ಶಿಬಿರ ನಡೆಸಲು ಹೊರಟರು. ಚಂಡೀಗಢದಲ್ಲಿ ಡಾ. ಜೆ. ಜಿ. ಜಾಲಿ. 1975ರಿಂದ ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಬೆಂಗಳೂರಿನಲ್ಲಿ 1984ರಲ್ಲಿ ಯಾವುದೇ ಆಸ್ಪತ್ರೆಗೆ ಅಂಟಿಕೊಳ್ಳದ ರೋಟರಿ ಟಿಟಿಕೆ ರಕ್ತನಿಧಿ ಶುರುವಾಯಿತು. 1989ರಲ್ಲಿ ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು. ಕೊನೆಗೆ ‘ಕಾಮನ್ ಕಾಸ್’ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ಮುಂದೆ ಬಂದ ಲೆಕ್ಕ ಭಯಂಕರವಾಗಿತ್ತು. ದೇಶದ 1,018 ರಕ್ತನಿಧಿಗಳಲ್ಲಿ 616ಕ್ಕೆ ಲೈಸೆನ್ಸೇ ಇರಲಿಲ್ಲ. ಜನವರಿ 4, 1996ರ ತೀರ್ಪು ಎಲ್ಲಕ್ಕೂ ಲೈಸೆನ್ಸ್ ಆಗಬೇಕು, ಎರಡು ವರ್ಷದೊಳಗೆ ರಕ್ತ ಮಾರುವ ಪದ್ಧತಿ ನಿಲ್ಲಬೇಕು ಅಂದಿತು. ಜನವರಿ 1, 1998ರಿಂದ ದುಡ್ಡು ಕೊಟ್ಟು ರಕ್ತ ತೆಗೆಯುವುದು ನಿಂತಿತು, ಕಾಗದದ ಮೇಲಾದರೂ.

ಆದರೆ ಮಾರಾಟ ಬಿಟ್ಟ ಮೇಲೆ ಅನೇಕ ಆಸ್ಪತ್ರೆಗಳು ಹಿಡಿದದ್ದು ಶಿಕಾಗೋದ ಬ್ಯಾಂಕ್ ಲೆಕ್ಕವನ್ನು. ಬದಲಿ ರಕ್ತ. 2002ರ ರಾಷ್ಟ್ರೀಯ ರಕ್ತ ನೀತಿ ಇದನ್ನೂ ಕ್ರಮೇಣ ನಿಲ್ಲಿಸಬೇಕು ಅನ್ನುತ್ತದೆ. ನಿಂತಿದೆಯೇ? ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಆದಾಗ, ಆಸ್ಪತ್ರೆಯ ಹೆಸರು ಬೇಡ ಬಿಡಿ, ರಾತ್ರಿ ಎಂಟೂವರೆಗೆ ಕೌಂಟರಿನ ಹುಡುಗಿ “ಎರಡು ಯೂನಿಟ್ ಕೊಟ್ಟಿದೀವಿ ಅಣ್ಣಾ, ಇಬ್ಬರನ್ನ ಕರಕೊಂಡು ಬನ್ನಿ” ಅಂದಳು. ಮಲೆನಾಡಿನ ಹಳ್ಳಿಯಿಂದ ಜೊತೆಗೆ ಬಂದಿದ್ದವರು ಯಾರು? ಬಿಪಿ ಇರುವ ಚಿಕ್ಕಪ್ಪ, ನಲವತ್ತೆರಡು ಕೆ.ಜಿ. ತೂಗುವ ದೊಡ್ಡಮ್ಮ, ನಾನು. ನಾನು ಕೊಟ್ಟೆ. ಇನ್ನೊಂದಕ್ಕೆ? ಗೇಟಿನ ಹತ್ತಿರ ಒಬ್ಬ ತಾನಾಗಿ ಬಂದು “ಹುಡುಗರು ಇದಾರೆ, ಅಡ್ಜಸ್ಟ್ ಮಾಡ್ತೀನಿ” ಅಂದ. 1998 ಆಗಿ ಎಷ್ಟು ವರ್ಷ ಆಯಿತು, ನೋಡಿ! ನಾನು ಮತ್ತೆ ಕೌಂಟರಿಗೆ ಹೋಗಿ ಹೇಳಿದೆ. ಆ ಹುಡುಗಿ ಸುತ್ತ ನೋಡಿ, ಮೆಲ್ಲಗೆ “ಅವನ ಹತ್ರ ಹೋಗ್ಬೇಡಿ ಅಣ್ಣಾ, ಬೆಳಿಗ್ಗೆ ನಿಮ್ಮ ಫ್ರೆಂಡ್ಸ್ ಯಾರಾದ್ರೂ ಬಂದ್ರೆ ಸಾಕು, ಮೇಲಿನವರಿಗೆ ನಾನು ಹೇಳ್ಕೋತೀನಿ” ಅಂದಳು. ಬ್ಯಾಂಕಿನ ವಸೂಲಿಗೆ ಕೂರಿಸಿದ ಹುಡುಗಿ ಅವಳು. ಸಂಬಳ ಎಷ್ಟೋ, ಬೈಗುಳ ಮಾತ್ರ ದಿನವೂ.

ಬದಲಿ ದಾನಿ ಅಂದ ಕೂಡಲೇ ದಲ್ಲಾಳಿಗೆ ಬಾಗಿಲು ತೆರೆಯುತ್ತದೆ. ಊರಲ್ಲಿ ಯಾರೂ ಇಲ್ಲದವನು ಇನ್ನೆಲ್ಲಿಗೆ ಹೋಗಬೇಕು? ಇದಕ್ಕೆ ಇರುವ ಒಂದೇ ಪರ್ಯಾಯ ಆಲಿವರ್ ಮಾಡಿದ್ದು. ಕೇಳುವವರು ಬರುವ ಮೊದಲೇ ಕೊಡುವವರು ಬಂದುಹೋಗಿರಬೇಕು. ಹಾಗೆ ಬರುವಂತೆ ಮಾಡಲು ಯಾರೋ ಕೂತು ಫೋನು ಮಾಡುತ್ತಿರಬೇಕು.

ಬೆಂಗಳೂರಿನ ನಮ್ಮ ಆಫೀಸಿಗೆ ವರ್ಷಕ್ಕೆರಡು ಸಲ ಒಂದು ರಕ್ತಕೇಂದ್ರದವರು ಬರುತ್ತಾರೆ. ಕೆಫೆಟೇರಿಯಾದ ಟೇಬಲ್ಲು ಸರಿಸಿ ಮಂಚ ಹಾಕುತ್ತಾರೆ. ಒಬ್ಬ ಡಾಕ್ಟರು, ಮೂವರು ಟೆಕ್ನಿಷಿಯನ್ನರು, ಫಾರಂ ತುಂಬಿಸುವ ಒಬ್ಬರು, ಡ್ರೈವರು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಡುತ್ತಾರೆ. ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ, ತೇಲಿದರೆ ಬಿಸ್ಕತ್ತು ತಿಂದು ವಾಪಸ್. ಆ ನೀಲಿ ನೀರು ಏನು ಅಂದುಕೊಂಡಿರಿ? ಮೈಲುತುತ್ತ! ಅಡಿಕೆಗೆ ಕೊಳೆರೋಗ ಬಾರದಂತೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರಲ್ಲ, ಅದೇ. ದ್ರಾವಣದ ಸಾಂದ್ರತೆ 1.053ಕ್ಕೆ ಸರಿಯಾಗಿ ಇಟ್ಟಿರುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಉಪಾಯ. ಇದನ್ನು ಟೆಕ್ನಿಷಿಯನ್ ಮೇಡಂಗೆ ಹೇಳಿದಾಗ ಅವರು “ನಮ್ಮನೇಲೂ ತೋಟ ಇದೆ, ಕೊಪ್ಪದಲ್ಲಿ” ಅಂದರು. ಆಮೇಲೆ ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ.

350 ಮಿ.ಲೀ. ಚೀಲ ತುಂಬಲು ಹತ್ತು ನಿಮಿಷವೂ ಬೇಡ. ಅದರಲ್ಲಿ ಹೆಪ್ಪುಗಟ್ಟದ ಹಾಗೆ 49 ಮಿ.ಲೀ. ದ್ರಾವಣ ಮೊದಲೇ ಇರುತ್ತದೆ. ಪ್ಲೇಟ್‌ಲೆಟ್ ಬೇರೆ ಮಾಡಬೇಕಾದ ಚೀಲ ಆರು ಗಂಟೆಯೊಳಗೆ ಕೇಂದ್ರ ಮುಟ್ಟಿ ಯಂತ್ರ ಹತ್ತಬೇಕು. ಆದ್ದರಿಂದ ನಾಲ್ಕು ಗಂಟೆ ಆದ ಮೇಲೆ ಡ್ರೈವರ್ ಗಡಿಯಾರ ನೋಡುತ್ತಿರುತ್ತಾರೆ. ಸಿಲ್ಕ್ ಬೋರ್ಡ್ ದಾಟಬೇಕಲ್ಲ!

ಫಾರಂ ತುಂಬಿಸುವವರ ಜೊತೆ ನಾನು ಹೆಚ್ಚು ಮಾತಾಡಿದ್ದು. “ನಾನು ರಕ್ತ ಮುಟ್ಟೋದೇ ಇಲ್ಲ ಸಾರ್, ನಂದು ಬರೀ ಫೋನು” ಅಂದರು. ನನ್ನ ಟೀಮಿನ ಹುಡುಗ ಒಬ್ಬ ಉತ್ಸಾಹದಿಂದ, ದಾನಿಗಳಿಗೆ ಒಂದು ಆ್ಯಪ್ ಮಾಡಿಕೊಡ್ತೀವಿ ಅಂದ. ಇಂಜಿನಿಯರಿಂಗ್ ಓದಿದ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆ ಈ ಆ್ಯಪ್ ಯೋಚಿಸಿರುತ್ತೇವೆ, ಅಲ್ವಾ? ಅವರು ನಕ್ಕರು. ಹಾಗೆ ಮಾಡಿಕೊಟ್ಟದ್ದು ಮೂರು ಇವೆಯಂತೆ. ಹೆಸರು ಸೇರಿಸುವುದು ಸುಲಭ, ಆ ಹೆಸರು ಇವತ್ತು ನಿಜವಾ ಅಂತ ನೋಡುವುದೇ ಕೆಲಸ. ‘ಅರ್ಜೆಂಟ್ ಓ ನೆಗೆಟಿವ್ ಬೇಕು’ ಅನ್ನುವ ಫಾರ್ವರ್ಡುಗಳು, ಹಿಂದೆ ಮೈಲಿನಲ್ಲಿ, ಈಗ ವಾಟ್ಸಾಪಿನಲ್ಲಿ, ರೋಗಿ ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಸುತ್ತುತ್ತಿರುತ್ತವೆ. ಅದನ್ನು ನೋಡಿ ಇವರ ಕೇಂದ್ರಕ್ಕೆ ಫೋನು ಮಾಡುವವರಿಗೆ ಉತ್ತರ ಹೇಳುವವರೂ ಇವರೇ.

ಅವರಿಗೆ ಕಷ್ಟದ ಕಾಲ ಏಪ್ರಿಲ್, ಮೇ. ಕಾಲೇಜುಗಳಿಗೆ ರಜ, ಶಿಬಿರ ಇಲ್ಲ. ಆಮೇಲೆ ಮಳೆ ಶುರುವಾದರೆ ಡೆಂಗ್ಯೂ, ಪ್ಲೇಟ್‌ಲೆಟ್ ಕೇಳುವವರ ಸಾಲು. ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ. ಜಾಸ್ತಿ ಕರೆಸಿದರೆ ಹಾಳು, ಕಡಿಮೆಯಾದರೆ ಜೀವ. ಆದ್ದರಿಂದ ಹಬ್ಬಕ್ಕೆ ಊರೆಲ್ಲ ಖಾಲಿಯಾಗುವ ಎರಡು ದಿನ ಮೊದಲು ಅವರ ಫೋನು ಬಿಡುವಿರುವುದಿಲ್ಲ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಕಳೆದಿರಬೇಕು, ಅದನ್ನೂ ಲೆಕ್ಕ ಹಾಕಬೇಕು.

ಕಂಪ್ಯೂಟರಿನಲ್ಲಿ ಎಲ್ಲ ಇದ್ದರೂ ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಹೆಸರುಗಳು ಕಾಣದಂತೆ ಅಂಚಿನ ಭಾಗವನ್ನು ಮಾತ್ರ ತೋರಿಸಿದರು. ‘ರಂಜಾನ್ ಆದ ಮೇಲೆ.’ ‘ಟ್ಯಾಟೂ, ಮುಂದಿನ ವರ್ಷ.’ ‘ನೈಟ್ ಶಿಫ್ಟ್, ಬೆಳಿಗ್ಗೆ ಮಾಡಬೇಡ.’ ‘ಜರ್ಮನಿಗೆ ಹೋದರು.’ ‘ಬಾಣಂತಿ.’ ‘ತಾಯಿ ಫೋನ್ ಎತ್ತುತ್ತಾರೆ, ರಕ್ತ ಅನ್ನಬಾರದು, ಆಫೀಸಿಂದ ಅನ್ನಬೇಕು.’ ನನ್ನ ಹೆಸರಿನ ಮುಂದೆ ಏನು ಬರೀತೀರಿ ಅಂತ ಕೇಳಿದೆ. ಪೆನ್ನು ತೆಗೆದು, ‘ಅಡಿಕೆ ತೋಟ, ಮಾತು ಜಾಸ್ತಿ, ಬರುತ್ತಾರೆ’ ಅಂತ ಬರೆದುಕೊಂಡರು.